ಮದುವೆ ಮನೆಯ ಕ್ಯಾಮೆರಾ ಮತ್ತು ಅನುಮತಿಯ ಅದಬು

ಅಲ್ಲಾಹನು ಮನುಷ್ಯನಿಗೆ ಕರುಣಿಸಿದ ಅನುಗ್ರಹಗಳಲ್ಲಿ ದೃಷ್ಟಿಯೂ ಒಂದು. ಕಿವಿ, ಕಣ್ಣು, ಹೃದಯ ಇವೆಲ್ಲದರ ಕುರಿತು ನಾಳೆ ವಿಚಾರಣೆ ಇದೆಯೆಂದು ಪವಿತ್ರ ಕುರ್‌ಆನ್ ನಮ್ಮನ್ನು ಎಚ್ಚರಿಸಿದೆ. ನೋಡುವುದನ್ನೇ ಕಸುಬಾಗಿ ಮಾಡಿಕೊಂಡವರು ಈ ಎಚ್ಚರಿಕೆಯನ್ನು ಇತರರಿಗಿಂತ ಹೆಚ್ಚಾಗಿ ನೆನಪಿನಲ್ಲಿಡಬೇಕು. ಮದುವೆಗಳ ಫೋಟೋ ತೆಗೆದು ಬದುಕುವ ನಾವು ಆ ಸಾಲಿಗೆ ಸೇರಿದವರು. ಈ ಕಸುಬಿನ ಒಳಗಿದ್ದು ನಾವು ಕಂಡುಕೊಂಡ ಕೆಲವು ವಿಷಯಗಳನ್ನು, ಮಕ್ಕಳ ಮದುವೆಗೆ ಸಿದ್ಧರಾಗುತ್ತಿರುವ ಹೆತ್ತವರ ಮುಂದೆ ಇಡುವುದೇ ಈ ಬರಹದ ಉದ್ದೇಶ.

ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಸಾಗುವ ರಸ್ತೆಯಲ್ಲಿ ಸಿಗುವ ಸವಣೂರು, ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಊರು. ಇಲ್ಲಿ ನಾವು ಪತಿ ಪತ್ನಿ ಇಬ್ಬರೂ ಸೇರಿ ಒಂದು ಸಣ್ಣ ಸ್ಟುಡಿಯೋ ನಡೆಸುತ್ತಿದ್ದೇವೆ. ಪಾಸ್‌ಪೋರ್ಟಿಗೆ, ಹಜ್ಜ್ ಅರ್ಜಿಗೆ, ಶಾಲೆಯ ಗುರುತುಚೀಟಿಗೆ ಬೇಕಾದ ಫೋಟೋಗಳಿಂದ ದಿನದ ಖರ್ಚು ನಡೆಯುತ್ತದೆ. ವರ್ಷದ ಅನ್ನ ಹುಟ್ಟುವುದು ಮದುವೆಗಳಿಂದಲೇ. ರಮಝಾನ್ ಮುಗಿದು ಶವ್ವಾಲ್ ತಿಂಗಳು ಕಂಡಿತೆಂದರೆ, ಗಲ್ಫ್‌ನಿಂದ ರಜೆಯಲ್ಲಿ ಬಂದವರ ಮನೆಗಳಲ್ಲಿ ಮದುವೆಯ ಮಾತು ಏಳುತ್ತದೆ. ಕಡಬ, ಬೆಳ್ಳಾರೆ, ಪುತ್ತೂರು, ಉಪ್ಪಿನಂಗಡಿ, ಸುಳ್ಯ ಎಂದು ನಮ್ಮ ಓಡಾಟವೂ ಆರಂಭವಾಗುತ್ತದೆ. ಗಂಡಸರ ಮಜ್ಲಿಸಿನಲ್ಲಿ ನಮ್ಮಲ್ಲಿ ಒಬ್ಬರು, ಹೆಂಗಸರ ಕೋಣೆಯಲ್ಲಿ ಇನ್ನೊಬ್ಬರು. ನಮ್ಮ ಕೆಲಸದ ವಿಭಜನೆ ಇಷ್ಟೇ.

ಸ್ಟುಡಿಯೋಕ್ಕೆ ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ದರ್ಸ್‌ನಲ್ಲಿ ಕಲಿಯುವ ಯುವಕರು, "ಈ ದುಡಿಮೆ ಹಲಾಲೋ?" ಎಂದು ಕೇಳುತ್ತಾರೆ. ಮದುವೆ ನಿಶ್ಚಯವಾದ ಯುವಕರು, "ಪ್ರೀ ವೆಡ್ಡಿಂಗ್ ಶೂಟ್ ಮಾಡುತ್ತೀರಾ?" ಎಂದು ಕೇಳುತ್ತಾರೆ. ಮೊದಲನೆಯವರಿಗೆ ಕ್ಯಾಮೆರಾದ ಬಗ್ಗೆಯೇ ಸಂಶಯ. ಎರಡನೆಯವರಿಗೆ ಕ್ಯಾಮೆರಾದ ಬಗ್ಗೆ ಯಾವ ಸಂಶಯವೂ ಇಲ್ಲ. ಸತ್ಯವು ಇವೆರಡರ ನಡುವೆ ಎಲ್ಲೋ ಇದೆಯೆಂಬುದು ನಮ್ಮ ಅನುಭವ.

ವಿದ್ವಾಂಸರ ಭಿನ್ನ ನಿಲುವುಗಳು

ನಾವು ಫತ್ವಾ ನೀಡುವವರಲ್ಲ, ಆ ಅರ್ಹತೆ ನಮಗಿಲ್ಲ. ಛಾಯಾಚಿತ್ರದ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆಯೆಂಬುದು ಓದುಗರಿಗೆ ತಿಳಿದ ವಿಷಯ. ಹದೀಸ್‌ಗಳಲ್ಲಿ ಚಿತ್ರ ರಚಿಸುವವರ ಕುರಿತು ಬಂದಿರುವ ಎಚ್ಚರಿಕೆಗಳು ಫೋಟೋಗೂ ಅನ್ವಯಿಸುತ್ತವೆ, ಅನಿವಾರ್ಯ ಅಗತ್ಯಕ್ಕೆ ಮಾತ್ರ ರಿಯಾಯಿತಿ ಇದೆ ಎಂಬುದು ಒಂದು ನಿಲುವು. ಸೌದಿ ಅರೇಬಿಯಾದ ಶೈಖ್ ಇಬ್ನ್ ಬಾಝ್ ಅಂಥವರು ಈ ನಿಲುವನ್ನು ಬಲವಾಗಿ ಹಿಡಿದಿದ್ದರು. 1914ರಿಂದ 1920ರವರೆಗೆ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಇನ್ನೊಂದು ನಿಲುವು ತಳೆದರು. ಫೋಟೋ ಎಂದರೆ ಹೊಸದಾಗಿ ರಚಿಸಿದ ಆಕೃತಿಯಲ್ಲ, ಕನ್ನಡಿಯಲ್ಲಿ ಬೀಳುವ ಬಿಂಬದಂತೆ ಇರುವ ನೆರಳನ್ನು ಹಿಡಿದಿಡುವುದು ಮಾತ್ರ ಎಂದು ಅವರು ಪ್ರತ್ಯೇಕ ಕೃತಿಯನ್ನೇ ಬರೆದರು.

ನಮ್ಮ ಕರಾವಳಿಯಲ್ಲಿ ಎರಡೂ ನಿಲುವಿನ ಮನೆಗಳಿವೆ. ಫೋಟೋ ಬೇಡವೆಂದು ಕಟ್ಟುನಿಟ್ಟಾಗಿ ಹೇಳುವ ಮನೆಯನ್ನು ನಾವು ಗೌರವಿಸುತ್ತೇವೆ. ಅಲ್ಲಿಗೆ ಅತಿಥಿಗಳಾಗಿ ಹೋದರೆ ನಮ್ಮ ಚೀಲ ತೆರೆಯುವುದಿಲ್ಲ. ಬೇಕೆನ್ನುವ ಮನೆಗೆ ಹೋಗುವಾಗ ನಮ್ಮ ಉಸ್ತಾದರಿಂದ ಕೇಳಿ ತಿಳಿದುಕೊಂಡ ಮಿತಿಗಳನ್ನು ಜೊತೆಗೆ ಒಯ್ಯುತ್ತೇವೆ. ಆದರೆ ಈ ಚರ್ಚೆಯಲ್ಲಿ ಒಂದು ಅಂಶ ಹಿಂದೆ ಸರಿದುಬಿಟ್ಟಿದೆಯೆಂದು ನಮಗೆ ಅನಿಸುವುದುಂಟು. ಫೋಟೋ ತೆಗೆಯಬಹುದೇ ಬಾರದೇ ಎಂದು ಕೇಳುವ ನಾವು, ಯಾರ ಅನುಮತಿಯಿಂದ ತೆಗೆಯಬೇಕು, ತೆಗೆದದ್ದು ಎಲ್ಲಿ ಹೋಗುತ್ತದೆ ಎಂದು ಕೇಳುವುದೇ ಇಲ್ಲ. ಫೋಟೋ ಅನುವದನೀಯವೆಂದು ನಂಬಿದವರಿಗಂತೂ ಈ ಪ್ರಶ್ನೆ ಇನ್ನೂ ಮುಖ್ಯ.

ಕಿಂಡಿಯಿಂದ ಇಣುಕಿದ ಕಣ್ಣು

ಕ್ಯಾಮೆರಾ ಎಂಬ ಪದದ ಮೂಲಾರ್ಥ ಕೋಣೆ. ಕತ್ತಲೆಯ ಕೋಣೆಯೊಂದರ ಗೋಡೆಯಲ್ಲಿ ಸಣ್ಣ ರಂಧ್ರವಿದ್ದರೆ, ಹೊರಗಿನ ದೃಶ್ಯ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಈ ವಿದ್ಯಮಾನವನ್ನು ಪ್ರಯೋಗಗಳ ಮೂಲಕ ಪರಿಶೀಲಿಸಿ ಬರೆದವರಲ್ಲಿ ಬಸರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅಗ್ರಗಣ್ಯರು. ಸುಮಾರು ಸಾವಿರ ವರ್ಷಗಳ ಹಿಂದೆ ಅವರು ಬರೆದ 'ಕಿತಾಬುಲ್ ಮನಾಝಿರ್' ಬೆಳಕಿನ ವಿಜ್ಞಾನಕ್ಕೆ ಬುನಾದಿ ಹಾಕಿತು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಅಲ್ಲಗಳೆದು, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಯೆಂದು ಅವರು ತೋರಿಸಿಕೊಟ್ಟರು. 1839ರಲ್ಲಿ ಫ್ರಾನ್ಸಿನಲ್ಲಿ ಛಾಯಾಗ್ರಹಣದ ವಿಧಾನ ಬಹಿರಂಗವಾದಾಗ ಆ ಬಿಂಬ ಶಾಶ್ವತವಾಗಿ ನಿಲ್ಲತೊಡಗಿತು. ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನ ಆಚರಿಸುವುದು ಅದರ ನೆನಪಿಗಾಗಿಯೇ.

ಸಣ್ಣ ರಂಧ್ರದಿಂದ ಒಳಗೆ ನೋಡುವ ಪ್ರಸಂಗವೊಂದು ಹದೀಸ್ ಗ್ರಂಥಗಳಲ್ಲೂ ಇದೆ. ಸಹೀಹುಲ್ ಬುಖಾರಿಯಲ್ಲಿ ವರದಿಯಾದ ಆ ಪ್ರಸಂಗದಲ್ಲಿ, ಒಬ್ಬ ವ್ಯಕ್ತಿ ಪ್ರವಾದಿ(ಸ)ರ ಮನೆಯೊಳಗೆ ಕಿಂಡಿಯಿಂದ ಇಣುಕಿ ನೋಡುತ್ತಾನೆ. ಪ್ರವಾದಿ(ಸ)ರು ಅದನ್ನು ತೀವ್ರವಾಗಿ ಖಂಡಿಸುತ್ತಾರೆ. ಒಳಗೆ ಬರಲು ಅನುಮತಿ ಕೇಳಬೇಕೆಂಬ ನಿಯಮ ಬಂದಿರುವುದೇ ಕಣ್ಣಿನ ಕಾರಣದಿಂದ ಎಂದು ತಿಳಿಸುತ್ತಾರೆ. ಅಂದರೆ ಕಾಲು ಹೊಸ್ತಿಲು ದಾಟಿತೇ ಎಂಬುದಷ್ಟೇ ಪ್ರಶ್ನೆಯಲ್ಲ, ನೋಟ ದಾಟಿತೇ ಎಂಬುದು ಪ್ರಶ್ನೆ. ಸೂರತುನ್ನೂರ್ ಕೂಡ ಇತರರ ಮನೆಗಳಿಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಆಜ್ಞಾಪಿಸಿದೆ. ಮರಳಿ ಹೋಗಿರೆಂದರೆ ಮರಳಿ ಹೋಗುವುದೇ ಪರಿಶುದ್ಧವೆಂದು ಕಲಿಸಿದೆ.

ಇಸ್ಲಾಮಿನ ಈ ಪಾಠವನ್ನು ನಮ್ಮ ಕಸುಬಿಗೆ ಅನ್ವಯಿಸಿ ನೋಡಿದರೆ ಎಷ್ಟೋ ವಿಷಯ ಸ್ಪಷ್ಟವಾಗುತ್ತದೆ. ಮದುವೆ ಹಾಲ್‌ನಲ್ಲಿ 200 ಮಿಲಿಮೀಟರಿನ ಲೆನ್ಸ್ ಹಿಡಿದು ನಿಂತವನು ಎಲ್ಲಿಂದ ಎಲ್ಲಿಗೆ ನೋಡುತ್ತಾನೆಂಬುದು ಯಾರಿಗೂ ಕಾಣುವುದಿಲ್ಲ. ಊಟದ ಮೇಜಿನಲ್ಲಿ ಶಿರವಸ್ತ್ರ ಸರಿಪಡಿಸಿಕೊಳ್ಳುವ ಸಹೋದರಿ, ಮಗುವಿಗೆ ಹಾಲುಣಿಸಲು ಮೂಲೆಗೆ ಸರಿದ ತಾಯಿ, ಮದರಂಗಿಯ ಕೈಗಳನ್ನು ಚಾಚಿ ಕುಳಿತ ಮದುಮಗಳ ಗೆಳತಿಯರು, ಇವರಲ್ಲಿ ಯಾರೂ ಅವನಿಗೆ ಅನುಮತಿ ಕೊಟ್ಟಿರುವುದಿಲ್ಲ. ಹಣ ಕೊಟ್ಟು ಕರೆಸಿದ್ದು ಮನೆಯ ಯಜಮಾನರು ನಿಜ. ಆದರೆ ಅತಿಥಿಗಳ ಮುಖಗಳ ಮೇಲಿನ ಹಕ್ಕನ್ನು ಕೊಡಲು ಯಜಮಾನರಿಗೆ ಅಧಿಕಾರವಿಲ್ಲ. ಅರಿವಿಗೆ ಬಾರದಂತೆ ಸಹಜ ಭಾವವನ್ನು ಹಿಡಿಯುವ 'ಕ್ಯಾಂಡಿಡ್' ಚಿತ್ರಗಳಿಗೆ ಇಂದು ಬೇಡಿಕೆ ಹೆಚ್ಚು. ಗಂಡಸರ ಮಜ್ಲಿಸಿನಲ್ಲಿ ನಗುವ ಅಜ್ಜನ ಚಿತ್ರ ಹಾಗೆ ಸಿಕ್ಕರೆ ಸಂತೋಷವೇ. ಅರಿವಿಗೆ ಬಾರದೆ ಹೆಣ್ಣುಮಗಳ ಚಿತ್ರ ತೆಗೆಯುವುದು ಮಾತ್ರ ಆ ಕಿಂಡಿಯ ನೋಟಕ್ಕೆ ಹತ್ತಿರವಾಗುತ್ತದೆ.

ನಿಶ್ಚಿತಾರ್ಥವು ನಿಕಾಹ್ ಅಲ್ಲ

ಈಗ ಎರಡನೆಯ ಪ್ರಶ್ನೆಗೆ ಬರೋಣ. ನಿಶ್ಚಯವಾದ ಜೋಡಿಯನ್ನು ಮದುವೆಗೆ ಮುಂಚೆಯೇ ಸಕಲೇಶಪುರದ ಮಂಜರಾಬಾದ್ ಕೋಟೆಗೋ ಬಿಸಿಲೆ ಘಾಟಿಗೋ ಸೋಮೇಶ್ವರದ ಕಡಲ ತೀರಕ್ಕೋ ಕರೆದೊಯ್ದು ಚಿತ್ರೀಕರಿಸುವ ಪದ್ಧತಿ ನಮ್ಮ ಮನೆಗಳಿಗೂ ಬಂದುಬಿಟ್ಟಿದೆ. ಎಲ್ಲರೂ ಮಾಡುತ್ತಾರೆ, ನಾವು ಮಾಡದಿದ್ದರೆ ಹೇಗೆ ಎಂಬುದೇ ಇದಕ್ಕೆ ಸಿಗುವ ಸಮರ್ಥನೆ.

ಇಸ್ಲಾಮ್ ಮದುವೆಗೆ ಮುಂಚೆ ಪರಸ್ಪರ ನೋಡುವುದನ್ನು ತಡೆದಿಲ್ಲ. ಮುಗೀರಾ ಬಿನ್ ಶುಅಬಾ(ರ)ರು ಒಬ್ಬ ಮಹಿಳೆಯೊಂದಿಗೆ ವಿವಾಹ ಪ್ರಸ್ತಾಪ ಮಾಡಿದಾಗ, ಆಕೆಯನ್ನು ನೋಡಿಕೊಳ್ಳಲು ಪ್ರವಾದಿ(ಸ)ರೇ ಸೂಚಿಸಿದರು. ಅದು ಇಬ್ಬರ ನಡುವೆ ಪ್ರೀತಿ ಬೆಳೆಯಲು ನೆರವಾಗುತ್ತದೆಯೆಂದೂ ತಿಳಿಸಿದರು. ಹೆಣ್ಣನ್ನು ನೋಡದೆಯೇ ಮದುವೆ ಮಾಡಿಸುವ ಹಳೆಯ ಬಲವಂತಕ್ಕೆ ಇಸ್ಲಾಮಿನಲ್ಲಿ ಆಧಾರವಿಲ್ಲ. ಆದರೆ ನಿಶ್ಚಿತಾರ್ಥವು ಒಂದು ವಾಗ್ದಾನ ಮಾತ್ರ. ವಲಿಯ ಇಜಾಬ್, ವರನ ಖಬೂಲ್, ಇಬ್ಬರು ಸಾಕ್ಷಿಗಳು, ಇವೆಲ್ಲ ಕೂಡಿ ನಿಕಾಹ್ ನಡೆಯುವವರೆಗೆ ಅವರಿಬ್ಬರೂ ಪರಸ್ಪರ ಅನ್ಯರೇ. ಮಹ್ರಮ್ ಇಲ್ಲದೆ ಅನ್ಯ ಸ್ತ್ರೀಪುರುಷರು ಏಕಾಂತದಲ್ಲಿರಬಾರದೆಂಬ ನಿಯಮ ಉಂಗುರ ತೊಡಿಸಿದ ಕೂಡಲೇ ಸಡಿಲವಾಗುವುದಿಲ್ಲ.

ಇಂತಹ ಶೂಟ್‌ನಲ್ಲಿ ಏನು ನಡೆಯುತ್ತದೆಂಬುದನ್ನು ಹೆತ್ತವರು ಅರಿಯಬೇಕು. ಹುಡುಗ ಹುಡುಗಿ ಮೊದಲಿಗೆ ಸಂಕೋಚದಿಂದ ಎರಡು ಅಡಿ ದೂರದಲ್ಲಿಯೇ ನಿಲ್ಲುತ್ತಾರೆ. "ಸ್ವಲ್ಪ ಹತ್ತಿರ ಬನ್ನಿ" ಎನ್ನುವುದು ಫೋಟೋಗ್ರಾಫರ್. "ಕೈ ಹಿಡಿಯಿರಿ, ಅವಳ ಭುಜಕ್ಕೆ ಒರಗಿ, ಕಣ್ಣಲ್ಲಿ ಕಣ್ಣಿಡಿ" ಎನ್ನುವುದೂ ಅವನೇ. ಆರೇಳು ಗಂಟೆಗಳ ಕಾಲ ಅವನ ಮಾತಿನಂತೆ ನಡೆಯುತ್ತಾ ನಡೆಯುತ್ತಾ ಆ ಸಂಕೋಚ ಕರಗಿಹೋಗುತ್ತದೆ. ಆ ಮಕ್ಕಳ ಲಜ್ಜೆಯನ್ನು ಈಮಾನಿನ ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹಣ ಪಡೆದು ಅದನ್ನು ಕರಗಿಸುವ ನಾಲಿಗೆ ನಮ್ಮದಾಗಬಾರದು. ನಾವು ಇಂತಹ ಕೆಲಸವನ್ನು ಒಪ್ಪಿಕೊಳ್ಳದಿರಲು ಮೊದಲ ಕಾರಣ ಇದು.

ಬೇಡವೆಂದರೆ ದುಡಿಮೆ ಕಡಿಮೆಯಾಗುತ್ತದೆ ಎಂಬುದು ಸುಳ್ಳಲ್ಲ. ಪ್ರೀ ವೆಡ್ಡಿಂಗ್ ಸಿಗದಿದ್ದರೆ ಮದುವೆಯ ಕೆಲಸವೂ ಬೇರೆಯವರ ಪಾಲಾಗುತ್ತದೆ, ಏಕೆಂದರೆ ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಕೊಡುವುದು ರೂಢಿ. ಬ್ಯಾಂಕಿನ ಕಂತು ಕಟ್ಟಬೇಕಾದ ತಿಂಗಳಲ್ಲಿ ಬಾಗಿಲಿಗೆ ಬಂದ ಕೆಲಸವನ್ನು ಹಿಂದಕ್ಕೆ ಕಳುಹಿಸುವುದು ಸುಲಭವಲ್ಲ. ಆದರೂ ರಿಝ್ಕ್‌ನ ಹೊಣೆ ಹೊತ್ತವನು ಅಲ್ಲಾಹನು. ನಾವು ಯುವಕರಿಗೆ ಹೇಳುವುದಿಷ್ಟೇ: ನಿಕಾಹ್ ನಡೆಯಲಿ, ಅದರ ಮರುದಿನವೇ ನಾವು ನಿಮ್ಮ ಮನೆಗೆ ಬರುತ್ತೇವೆ. ಕೆಲವು ಕುಟುಂಬಗಳು ನಿಕಾಹ್‌ ಅನ್ನು ಮುಂಚಿತವಾಗಿ ನಡೆಸಿ, ಔತಣವನ್ನು ತಿಂಗಳುಗಳ ಬಳಿಕ ಇಟ್ಟುಕೊಳ್ಳುತ್ತವೆ. ಅಂಥ ದಂಪತಿಗಳನ್ನು ಅವರದ್ದೇ ಅಡಿಕೆ ತೋಟದಲ್ಲಿ, ಅಂಗಳದಲ್ಲಿ, ಅಜ್ಜಿಯ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆದುಕೊಟ್ಟಿದ್ದೇವೆ. ಹಲಾಲ್ ಆದ ಸಂಬಂಧದ ನಿರಾಳತೆ ಆ ಮುಖಗಳಲ್ಲಿ ಕಾಣುತ್ತದೆ. ಅದನ್ನು ಹೇಳಿ ಮಾಡಿಸಬೇಕಾಗಿಲ್ಲ.

ಮುರಿದುಹೋದ ಸಂಬಂಧದ ಚಿತ್ರಗಳು

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಒಂದು ಮಳೆಗಾಲದಲ್ಲಿ ಬೇರೆ ಊರಿನ ಒಬ್ಬ ತಂದೆ ನಮ್ಮ ಸ್ಟುಡಿಯೋಕ್ಕೆ ಬಂದರು. ಅವರ ಮಗಳಿಗೆ ನಿಶ್ಚಿತಾರ್ಥವಾಗಿತ್ತು. ದೂರದ ಸ್ಟುಡಿಯೋ ಒಂದರವರು ಜೋಡಿಯ ಚಿತ್ರೀಕರಣ ಮಾಡಿ, ಹಾಡು ಸೇರಿಸಿ, ತಮ್ಮ ಜಾಹೀರಾತಿಗಾಗಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದರು. ನಾಲ್ಕು ತಿಂಗಳಲ್ಲಿ ಸಂಬಂಧ ಮುರಿಯಿತು. ಅದರಲ್ಲಿ ಹುಡುಗಿಯ ತಪ್ಪೇನೂ ಇರಲಿಲ್ಲ. ಬಳಿಕ ಇನ್ನೊಂದು ಒಳ್ಳೆಯ ಸಂಬಂಧ ಕೂಡಿಬಂದಾಗ, ಆ ವೀಡಿಯೋ ವರನ ಮನೆಯವರ ಮೊಬೈಲಿಗೆ ತಲುಪಿ ಮಾತು ನಿಂತುಹೋಯಿತು. ಸ್ಮಾರ್ಟ್‌ಫೋನ್ ಬಳಸದ ಆ ತಂದೆಗೆ ಮಸೀದಿಯ ಜಗಲಿಯಲ್ಲಿ ಯಾರೋ ಅದನ್ನು ತೋರಿಸಿದ್ದರು.

"ಮಕ್ಕಳೇ, ಇದನ್ನು ಎಲ್ಲಿಂದ ಅಳಿಸಬೇಕು?" ಎಂದು ಅವರು ಕೇಳಿದರು. ಆ ಸ್ಟುಡಿಯೋದವರು ಕೇಳಿದ ಕೂಡಲೇ ಮೂಲ ವೀಡಿಯೋ ತೆಗೆದಿದ್ದರು. ಆದರೆ ಅಷ್ಟರಲ್ಲಿ ಬೇರೆಯವರು ಅದನ್ನು ಇಳಿಸಿಕೊಂಡು ಮತ್ತೆ ಹಾಕಿದ್ದರು. ನಾವು ಎರಡು ಸಂಜೆ ಕುಳಿತು ಹುಡುಕಿ ದೂರು ಸಲ್ಲಿಸಿದೆವು. ಕೆಲವು ಪ್ರತಿಗಳು ಹೋದವು. ವಾಟ್ಸ್ಆಪ್‌ನಲ್ಲಿ ಮೊಬೈಲಿಂದ ಮೊಬೈಲಿಗೆ ಹೋದದ್ದಕ್ಕೆ ಯಾವ ದೂರೂ ತಲುಪುವುದಿಲ್ಲ. "ಕಾಕ, ಸಿಕ್ಕಿದ್ದನ್ನು ಅಳಿಸಿದ್ದೇವೆ. ಸಿಗದ್ದು ಎಷ್ಟಿದೆಯೆಂದು ನಮಗೂ ಗೊತ್ತಿಲ್ಲ" ಎಂದು ಸತ್ಯವನ್ನೇ ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೆಯುವಾಗ ಅವರೂ ನನ್ನನ್ನು ಕೇಳಲಿಲ್ಲ, ನಾನೂ ಅವರನ್ನು ಏನೂ ಕೇಳಲಿಲ್ಲ" ಎಂದರು.

ಸಹೋದರ ಸಹೋದರಿಯರೇ, ಇಲ್ಲಿ ಆ ಹೆಣ್ಣುಮಗಳ ಮೇಲೆ ಬೆರಳು ತೋರಿಸುವುದು ಅನ್ಯಾಯ. ಹಿರಿಯರ ಸಮ್ಮತಿಯಿಂದಲೇ ಆಕೆ ಕ್ಯಾಮೆರಾದ ಮುಂದೆ ನಿಂತಿದ್ದಳು. ಆ ವೀಡಿಯೋವನ್ನು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ದಾಟಿಸಿದ ಪ್ರತಿಯೊಂದು ಬೆರಳಿಗೂ ಅಲ್ಲಾಹನ ಬಳಿ ಲೆಕ್ಕವಿದೆ. ಇತರರ ಮಾನವನ್ನು ಮುಚ್ಚಿಡುವವನ ಮಾನವನ್ನು ಅಲ್ಲಾಹನು ಕಾಪಾಡುವನೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಜುಮಾದಲ್ಲಿ ಕೇಳುತ್ತೇವೆ, ಹೊರಗೆ ಬಂದ ಕೂಡಲೇ ಮೊಬೈಲ್ ತೆರೆದು ಮರೆಯುತ್ತೇವೆ. ನಿಶ್ಚಿತಾರ್ಥ ಮುರಿಯುವುದು ಷರೀಅತ್ತಿನಲ್ಲಿ ಕಳಂಕವಲ್ಲ. ಚಿತ್ರಗಳ ಕಾರಣದಿಂದ ಅದನ್ನು ಕಳಂಕವನ್ನಾಗಿ ಮಾಡಿದವರು ನಾವೇ.

ಇದು ಒಂದು ಊರಿನ ಸಮಸ್ಯೆಯೂ ಅಲ್ಲ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್' ಎಂಬ ಹೆಸರಿನಲ್ಲಿ, 2022ರ ಜನವರಿ 1ರಂದು 'ಬುಲ್ಲಿ ಬಾಯಿ' ಎಂಬ ಹೆಸರಿನಲ್ಲಿ, ದುಷ್ಕರ್ಮಿಗಳು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಿಂದ ಕದ್ದು 'ಹರಾಜಿಗಿದ್ದಾರೆ' ಎಂದು ಪ್ರದರ್ಶಿಸಿ ಅವಮಾನಿಸಿದ್ದನ್ನು ನಾವು ಕಂಡಿದ್ದೇವೆ. ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಪತ್ರಕರ್ತೆಯರು, ವಿದ್ಯಾರ್ಥಿನಿಯರು ಹೀಗೆ ದಿಟ್ಟವಾಗಿ ಸಾರ್ವಜನಿಕ ಜೀವನದಲ್ಲಿದ್ದ ಸಹೋದರಿಯರೇ ಅಲ್ಲಿ ಗುರಿಯಾಗಿದ್ದರು. ಅಪರಾಧ ಕದ್ದವರದ್ದೇ ಹೊರತು ಚಿತ್ರದಲ್ಲಿದ್ದವರದ್ದಲ್ಲ. ಆದರೆ ಚಿತ್ರವೊಂದು ಒಮ್ಮೆ ಕೈತಪ್ಪಿದರೆ ಎಲ್ಲಿಗೆ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಹೀಗಿರುವಾಗ, ತನ್ನ ಚಿತ್ರ ಎಲ್ಲಿರಬೇಕೆಂದು ನಿರ್ಧರಿಸುವ ಹಕ್ಕು ಆ ಹೆಣ್ಣುಮಗಳದ್ದೇ ಆಗಿರಬೇಕು. ಅದನ್ನು ಸ್ಟುಡಿಯೋದ ಜಾಹೀರಾತಿಗೆ ಬಿಟ್ಟುಕೊಡಬಾರದು.

ಚಿತ್ರವು ಒಂದು ಅಮಾನತ್ತು

ಈ ವಿಷಯದಲ್ಲಿ ದೇಶದ ಕಾನೂನೂ ಕುಟುಂಬದ ಪರವಾಗಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ ಮಾತ್ರ. ಆದ್ದರಿಂದ ಸ್ಟುಡಿಯೋದವರು ಕೊಡುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಪ್ರಚಾರಕ್ಕೆ ಬಳಸುವ ಹಕ್ಕನ್ನು ನೀವು ಅಲ್ಲಿಯೇ ಬರೆದುಕೊಟ್ಟಿರಬಹುದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ.

ಕಾನೂನು ಹಕ್ಕಿನ ಮಾತಾಡಿದರೆ, ದೀನ್ ಅಮಾನತ್ತಿನ ಮಾತಾಡುತ್ತದೆ. ಮನೆಯವರು ನಂಬಿ ಒಪ್ಪಿಸಿದ ಚಿತ್ರ ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಕಾಪಾಡಲು ಕಸುಬಿನ ಒಳಗುಟ್ಟುಗಳನ್ನು ಅರಿತಿರಬೇಕು. ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಚಿತ್ರ ಅಳಿಯಿತೆಂದು ಅನೇಕರು ಭಾವಿಸುತ್ತಾರೆ. ಸಾಮಾನ್ಯವಾಗಿ ಆಗ ಅಳಿಯುವುದು ಚಿತ್ರಗಳ ಪಟ್ಟಿ ಮಾತ್ರ. ಅದರ ಮೇಲೆ ಹೊಸ ಚಿತ್ರಗಳು ಬರೆಯಲ್ಪಡುವವರೆಗೆ ಹಳೆಯವನ್ನು ಸಾಫ್ಟ್‌ವೇರಿನಿಂದ ಮರಳಿ ತೆಗೆಯಬಹುದು. ಹಳೆಯ ಮೊಬೈಲ್, ಕಾರ್ಡ್ ಮಾರುವಾಗ ಮನೆಯವರೂ ಇದನ್ನು ನೆನಪಿಡಬೇಕು. ಇನ್ನು ಸೀಸನ್ನಿನ ಗಡಿಬಿಡಿಯಲ್ಲಿ ಎಡಿಟಿಂಗ್ ಕೆಲಸವನ್ನು ಮುಖವನ್ನೂ ನೋಡದ ದೂರದ ಊರಿನ ಎಡಿಟರ್‌ಗಳಿಗೆ ಕಳುಹಿಸುವುದುಂಟು. ಹನ್ನೆರಡಕ್ಕೆ ಮೂವತ್ತಾರು ಇಂಚಿನ ಕರಿಜ್ಮಾ ಆಲ್ಬಮ್ ಮುದ್ರಣವಾಗುವುದು ಲ್ಯಾಬ್‌ನಲ್ಲಿ. ಇತ್ತೀಚೆಗೆ ಅತಿಥಿಗಳು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ತಮ್ಮ ಮುಖ ತೋರಿಸಿ, ತಾವಿರುವ ಚಿತ್ರಗಳನ್ನೆಲ್ಲ ಪಡೆಯುವ ಆಪ್‌ಗಳೂ ಬಂದಿವೆ. ಅವರ ಪಕ್ಕದಲ್ಲಿ ಇದ್ದವರ ಮುಖಗಳೂ ಅದರೊಂದಿಗೆ ಹೋಗುತ್ತವೆ. ಹೆಂಗಸರ ಕೋಣೆಯಲ್ಲಿ ಮಹಿಳೆಯೇ ತೆಗೆದ ಚಿತ್ರ, ಹೀಗೆ ಹತ್ತು ಪರಪುರುಷರ ಕಣ್ಣು ದಾಟಿ ಆಲ್ಬಮ್ ಸೇರಿದರೆ ಆ ಎಚ್ಚರಿಕೆಗೆ ಅರ್ಥವೇನು ಉಳಿಯಿತು?

ಆದ್ದರಿಂದ ನಾವು ಕೆಲಸ ಒಪ್ಪಿಕೊಳ್ಳುವಾಗ ಕನ್ನಡದಲ್ಲೇ ಬರೆದ ಒಂದು ಪುಟದ ಕರಾರು ಮಾಡುತ್ತೇವೆ. ಮದುಮಗಳ ಮತ್ತು ಹೆಂಗಸರ ಚಿತ್ರಗಳನ್ನು ಮಹಿಳೆಯೇ ತೆಗೆಯಬೇಕು, ಮಹಿಳೆಯೇ ಎಡಿಟ್ ಮಾಡಬೇಕು. ಆ ಚಿತ್ರಗಳು ಲ್ಯಾಬಿಗೆ ಹೋಗುವುದಿಲ್ಲ. ಸ್ಟುಡಿಯೋದ ಸಣ್ಣ ಪ್ರಿಂಟರಿನಲ್ಲೇ ಮುದ್ರಿಸಿ ಪ್ರತ್ಯೇಕ ಆಲ್ಬಮ್ ಮಾಡುತ್ತೇವೆ. ಗಾತ್ರ ಚಿಕ್ಕದಾದರೂ ಮನೆಯವರು ಇದಕ್ಕೆ ಬೇಸರಿಸಿದ್ದಿಲ್ಲ. ಪೆನ್‌ಡ್ರೈವ್ ಮದುಮಗಳು ಹೆಸರಿಸಿದವರ ಕೈಗೇ ತಲುಪಬೇಕು. ಯಾವ ಚಿತ್ರವೂ ನಮ್ಮ ಜಾಹೀರಾತಿಗೆ ಹೋಗುವುದಿಲ್ಲ. ಆಲ್ಬಮ್ ಒಪ್ಪಿಸಿ ಮೂರು ತಿಂಗಳಾದ ಮೇಲೆ ಹೆಂಗಸರ ಚಿತ್ರಗಳನ್ನು ನಮ್ಮ ಹಾರ್ಡ್‌ಡಿಸ್ಕಿನಿಂದ ಅಳಿಸಿ ಮನೆಯವರಿಗೆ ತಿಳಿಸುತ್ತೇವೆ. ಹಿಂದೂ, ಕ್ರೈಸ್ತ ಸಹೋದರರ ಮದುವೆಗಳಿಗೂ ಇದೇ ಕರಾರನ್ನು ತೋರಿಸಿದಾಗ, ಅಲ್ಲಿನ ತಾಯಂದಿರೂ ಸಂತೋಷದಿಂದ ಒಪ್ಪಿದ್ದಾರೆ. ಮಗಳ ಮಾನದ ಕಾಳಜಿ ಎಲ್ಲ ತಾಯಂದಿರಿಗೂ ಒಂದೇ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಹೆಣ್ಣುಮಕ್ಕಳು ಈ ಕಸುಬನ್ನು ಕಲಿಯಬೇಕು. ಪ್ಯಾಲೆಸ್ತೀನಿನಲ್ಲಿ 1893ರಲ್ಲಿ ಹುಟ್ಟಿದ ಕರೀಮಾ ಅಬ್ಬೂದ್ ಎಂಬ ಕ್ರೈಸ್ತ ಮಹಿಳೆ, ತಾನು ಮಹಿಳಾ ಛಾಯಾಗ್ರಾಹಕಿ ಎಂಬ ಮುದ್ರೆಯನ್ನೇ ತನ್ನ ಚಿತ್ರಗಳ ಮೇಲೆ ಒತ್ತುತ್ತಿದ್ದರು. ಮನೆಗಳಿಗೇ ಹೋಗಿ ಹೆಂಗಸರ ಮತ್ತು ಮಕ್ಕಳ ಚಿತ್ರ ತೆಗೆಯುತ್ತಿದ್ದರು. ಪರಪುರುಷನ ಕ್ಯಾಮೆರಾದ ಮುಂದೆ ನಿಲ್ಲಲು ಇಷ್ಟಪಡದವರು ಅವರ ಮುಂದೆ ನಿರಾಳವಾಗಿ ಕುಳಿತರು. ನೂರು ವರ್ಷಗಳ ಹಿಂದೆ ಅಲ್ಲಿ ಸಾಧ್ಯವಾದದ್ದು ಇಂದು ಪುತ್ತೂರು, ಸುಳ್ಯ, ಕಡಬದಲ್ಲಿ ಸಾಧ್ಯವಾಗದೇ? ಮಗಳಿಗೆ ಮಹಿಳಾ ಫೋಟೋಗ್ರಾಫರ್ ಬೇಕೆಂದು ಹುಡುಕಾಡುವ ನಾವು, ಮಗಳೊಬ್ಬಳು ಆ ಕೆಲಸ ಕಲಿಯುತ್ತೇನೆಂದರೆ ಮೂಗು ಮುರಿಯುತ್ತೇವೆ. ಇವೆರಡೂ ಒಟ್ಟಿಗೆ ಸಾಗುವುದಿಲ್ಲ. ಹೆಂಗಸರ ಮದುವೆ ಕೋಣೆಗಳು ತುಂಬಿರುವ ಈ ಸೀಮೆಯಲ್ಲಿ, ಹಿಜಾಬ್ ಪಾಲಿಸುತ್ತಲೇ ಗೌರವದಿಂದ ದುಡಿಯಬಹುದಾದ ಮಾರ್ಗವಿದು.

ಉಳಿಯಬೇಕಾದ ಚಿತ್ರ

ಹಾಗಾದರೆ ಮದುವೆಯಲ್ಲಿ ಫೋಟೋ ಬೇಡವೇ ಬೇಡ ಎನ್ನೋಣವೇ? ನಮ್ಮ ಅನುಭವ ಹಾಗೆ ಹೇಳುವುದಿಲ್ಲ. ನಿಕಾಹ್‌ ಅನ್ನು ಗುಟ್ಟಾಗಿಡದೆ ಬಹಿರಂಗಪಡಿಸಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಗಲ್ಫ್‌ನಲ್ಲಿ ದುಡಿಯುವ ಅಣ್ಣ ರಜೆ ಸಿಗದೆ ತಂಗಿಯ ನಿಕಾಹ್‌ ಅ‌ನ್ನು ನೋಡಲಾಗದೆ ಉಳಿದಾಗ, ಒಂದು ಚಿತ್ರ ಅವನಿಗೆ ಎಷ್ಟು ದೊಡ್ಡ ಸಾಂತ್ವನವೆಂದು ನಾವು ಬಲ್ಲೆವು.

ನಮ್ಮ ಕಡೆಯ ನಿಕಾಹ್‌ನಲ್ಲಿ ಒಂದು ಕ್ಷಣವಿದೆ. ಖತೀಬರು ಖುತುಬಾ ಮುಗಿಸುತ್ತಾರೆ. ಮದುಮಗಳ ತಂದೆ ಮದುಮಗನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಮಹ್ರ್ ಹೆಸರಿಸಿ, ಮಗಳನ್ನು ನಿಕಾಹ್ ಮಾಡಿಕೊಡುವ ಮಾತುಗಳನ್ನು ಖತೀಬರು ಹೇಳಿಕೊಟ್ಟಂತೆ ಹೇಳುತ್ತಾರೆ. ಅಡಿಕೆ ಸುಲಿದು, ರಬ್ಬರ್ ಟ್ಯಾಪ್ ಮಾಡಿ ಗಟ್ಟಿಯಾದ ಆ ಕೈ ಆಗ ಸ್ವಲ್ಪ ನಡುಗುತ್ತದೆ. ಇದಕ್ಕೆ ದೊಡ್ಡ ಲೈಟ್ ಬೇಕಿಲ್ಲ, ಡ್ರೋನ್ ಬೇಕಿಲ್ಲ. ದೂರ ಸರಿದು, ಮಜ್ಲಿಸಿನ ಶಾಂತಿಗೆ ಭಂಗ ಬಾರದಂತೆ, ಫ್ಲ್ಯಾಶ್ ಇಲ್ಲದೆ ಒಂದೆರಡು ಬಾರಿ ಶಟರ್ ಒತ್ತಿದರೆ ಸಾಕು. ಮದುವೆಯಾಗಿ ಎರಡು ವರ್ಷಕ್ಕೆ ತಂದೆಯನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ನಮ್ಮಲ್ಲಿಗೆ ಬಂದು ಕೇಳಿದ್ದು ಈ ಒಂದು ಚಿತ್ರವನ್ನು ಮಾತ್ರ. ಮುನ್ನೂರಕ್ಕೂ ಹೆಚ್ಚು ಚಿತ್ರಗಳ ಆಲ್ಬಮ್ ಆಕೆಯ ಬಳಿ ಇತ್ತು. ತಂದೆಯ ಕೈಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ, ತಾಯಿಗೆ ಕೊಡಬೇಕೆಂದು ಆಕೆಯ ಬಯಕೆ. ನಿಕಾಹ್ ನಡೆಯುವಾಗ ಆಕೆ ಒಳಗಿನ ಕೋಣೆಯಲ್ಲಿದ್ದಳು, ಆ ಕ್ಷಣವನ್ನು ಆಕೆ ಕಂಡದ್ದೇ ಈ ಚಿತ್ರದಲ್ಲಿ.

ಕಡಿಮೆ ಭಾರದ ಮದುವೆಯಲ್ಲಿ ಹೆಚ್ಚು ಬರಕತ್ ಇದೆಯೆಂಬ ಅರ್ಥದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಆ ಭಾರದಲ್ಲಿ ಇಂದು ಕ್ಯಾಮೆರಾದ ಪಾಲೂ ಸೇರಿಕೊಂಡಿದೆ. ಎರಡು ಕ್ಯಾಮೆರಾ, ಡ್ರೋನ್, ಎಲ್ಇಡಿ ಪರದೆ, ಟೀಸರ್, ರೀಲ್ಸ್ ಎಂದು ಪಟ್ಟಿ ಬೆಳೆಯುತ್ತಾ ಹೋದಂತೆ, ಮಗಳ ಚಿನ್ನಕ್ಕಾಗಿ ಈಗಾಗಲೇ ಸಾಲ ಮಾಡಿದ ತಂದೆ ಇನ್ನೊಂದು ಸಾಲದ ಮಾತಾಡುತ್ತಾರೆ. ಅಂಥವರಿಗೆ ನಾವು, ನಿಕಾಹ್ ಮತ್ತು ಕುಟುಂಬದ ಹಿರಿಯರ ಚಿತ್ರಗಳು ಸಾಕು, ಅರ್ಧ ದಿನದ ಕೆಲಸ, ಅಷ್ಟಕ್ಕೇ ಹಣ ಕೊಡಿ ಎನ್ನುತ್ತೇವೆ. ನಮಗೆ ಲಾಭ ಕಡಿಮೆ. ಆದರೆ ಮನೆಯಿಂದ ಹೊರಡುವಾಗ ಆ ತಂದೆ ಮಾಡುವ ದುಆ ನಮ್ಮ ಮಕ್ಕಳಿಗೆ ಸಿಗುತ್ತದೆ.

ಹೆತ್ತವರೇ, ಮದುವೆಗೆ ಫೋಟೋಗ್ರಾಫರನ್ನು ಗೊತ್ತುಮಾಡುವಾಗ ದರದ ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಿ. ಹೆಂಗಸರ ಕಡೆ ಯಾರು ತೆಗೆಯುತ್ತಾರೆ? ಚಿತ್ರಗಳನ್ನು ಯಾರು ಎಡಿಟ್ ಮಾಡುತ್ತಾರೆ, ಎಲ್ಲಿ ಮುದ್ರಿಸುತ್ತಾರೆ? ಜಾಲತಾಣದಲ್ಲಿ ಹಾಕುತ್ತಾರೆಯೇ? ಎಷ್ಟು ದಿನ ಇಟ್ಟುಕೊಂಡು ಯಾವಾಗ ಅಳಿಸುತ್ತಾರೆ? ಉತ್ತರವನ್ನು ಬರೆದುಕೊಡಲು ಹೇಳಿ. ಅದಕ್ಕಿಂತ ಮುಂಚೆ, ನಿಮ್ಮ ಮಗಳನ್ನು ಕೂರಿಸಿಕೊಂಡು, "ಮಗಳೇ, ನಿನಗೆ ಇದು ಇಷ್ಟವೇ?" ಎಂದು ಕೇಳಿ. ನಿಕಾಹ್‌ಗೆ ಆಕೆಯ ಸಮ್ಮತಿ ಕೇಳಬೇಕೆಂದು ಕಲಿಸಿದ ದೀನ್ ನಮ್ಮದು. ಆಕೆಯ ಚಿತ್ರಕ್ಕೂ ಆ ಸಮ್ಮತಿಯನ್ನು ಕೇಳಲು ನಾವು ಹಿಂಜರಿಯಬಾರದು. ಇನ್ನು ಅತಿಥಿಗಳಾಗಿ ಹೋಗುವ ನಮ್ಮೆಲ್ಲರ ಜೇಬಿನಲ್ಲೂ ಈಗ ಕ್ಯಾಮೆರಾ ಇದೆ. ಫೋಟೋಗ್ರಾಫರಿಗೆ ವಿಧಿಸುವ ಮಿತಿ ನಮ್ಮ ಮೊಬೈಲಿಗೂ ಇರಲಿ.

ನೋಟವನ್ನು ತಗ್ಗಿಸಿ ನಡೆಯುವ, ಕೈಗೆ ಬಂದ ಅಮಾನತ್ತನ್ನು ಕಾಪಾಡುವ, ಇತರರ ಮಾನವನ್ನು ಮುಚ್ಚಿಡುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಹೊಸದಾಗಿ ಬಾಳು ಆರಂಭಿಸುವ ದಂಪತಿಗಳ ನಡುವೆ ಬರಕತ್ ನೀಡಲಿ. ಸಂಬಂಧ ಮುರಿದು ನೊಂದಿರುವ ಹೆಣ್ಣುಮಕ್ಕಳಿಗೆ ಅದಕ್ಕಿಂತ ಉತ್ತಮವಾದುದನ್ನು ದಯಪಾಲಿಸಲಿ. ಆಮೀನ್ ಯಾ ರಬ್ಬಲ್ ಆಲಮೀನ್.